ಖಾತೆಗೆ ಬಾರದ್ದು

ನಿಜ್ವಾದಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತೇನೆ,
ಸಿಮೆಂಟು, ಸರಳು, ಪೈಪು, ಮೊಳೆ.
ಹತ್ತು ಬೈಸಾ ತಾಳೆಯಾಗದಿದ್ದರೆ ರಾತ್ರಿ ನಿದ್ದೆಯಿಲ್ಲ.
ಡಾಕ್ಟರು ರಿಪೋರ್ಟಿನ ಮೇಲೆ
ಆರು ಪಾಯಿಂಟು ಒಂದಕ್ಕೆ ಸುತ್ತು ಹಾಕಿ
'ಅಂಚಿನಲ್ಲಿದ್ದೀರಿ, ತಿಂದದ್ದನ್ನೆಲ್ಲ ಬರೆದಿಡಿ' ಅಂದಾಗ
ಹೆದರುವುದು ಬಿಟ್ಟು ಒಳಗೊಳಗೇ ಖುಷಿಯಾಯಿತು.
ಬರೆದಿಡುವುದನ್ನು ನನಗೆ ಹೇಳಿಕೊಡಬೇಕೇ?

ಫೋನಿನಲ್ಲಿ ಹೊಸ ಖಾತೆ ತೆರೆದೆ.
ಬಾಳೆಹಣ್ಣು ಒಂದು, ಹದಿನಾಲ್ಕು ಗ್ರಾಂ.
ಮಾವು ಅರ್ಧ, ಇಪ್ಪತ್ತೆರಡು.
ಸಕ್ಕರೆಯ ಗೆರೆ ಹಳದಿಯಾಗಿ, ಕೆಂಪಾಗಿ,
ಬಾಕಿ ತೀರಿಸದ ಗಿರಾಕಿಯ ಹೆಸರಿನಂತೆ
ಕಣ್ಣಿಗೆ ಚುಚ್ಚಿತು.
ಮರುದಿನದಿಂದ ಬಾಳೆ ಬಂದ್, ಮಾವು ಬಂದ್.
ಕಲ್ಲಂಗಡಿಯನ್ನು ಬಂಗಾರದ ಹಾಗೆ ತೂಗಿದೆ,
ಬೀಜ ಆರಿಸಿ, ಬೀಜದ ತೂಕ ಕಳೆದು.
ಫ್ರಿಜ್ಜಿನಲ್ಲಿ ಒಂದು ಪಪ್ಪಾಯಿ
ನನ್ನನ್ನೇ ಕಾದು ಕಾದು ಮೆತ್ತಗಾಯಿತು.

ಜೂನ್ ತಿಂಗಳು. ಸಂಜೆ ಐದಕ್ಕೂ ಬಾಗಿಲ ಹಿಡಿ ಮುಟ್ಟಲಾಗದು.
ಪಕ್ಕದ ಮನೆಯ ರಯ್ಯಾ ತಟ್ಟೆ ಹಿಡಿದು ಬಂದಳು.
(ವಾರಿಜಾ ಎಂಬ ನಾನು ಅವಳ ಬಾಯಲ್ಲಿ ವರ್ದಾ.
ತಾವರೆ ಹೋಗಿ ಗುಲಾಬಿಯಾಗಿ ಎಷ್ಟೋ ಕಾಲವಾಯಿತು.)
ತಟ್ಟೆಯಲ್ಲಿ ನಘಾಲ್, ವರ್ಷದ ಮೊದಲ ಖರ್ಜೂರ,
ಅರ್ಧ ಕಂದು, ಅರ್ಧ ಇನ್ನೂ ಹಳದಿ,
ಕಂದು ಕಡೆ ಜೇನು, ಹಳದಿ ಕಡೆ ಒಗರು.
ಬೇಡ ಅನ್ನಲು ನನಗೆ ಗೊತ್ತಿರುವ ಅರಬಿ ಎರಡೇ ಮಾತು,
ಎರಡೂ ಒರಟು.
ಸುಮ್ಮನೆ ಫೋನು ತೋರಿಸಿದೆ.

ಅವಳು ಕೆಂಪು ಗೆರೆ ನೋಡಿದಳು. ನನ್ನನ್ನು ನೋಡಿದಳು.
ಆಮೇಲೆ ನನ್ನ ಕೈಯ ಕಾಗದದ ಕಪ್ಪು ನೋಡಿದಳು,
ಮೂಲೆಯಂಗಡಿಯ ಕರಕ್ ಚಹಾ, ಡಬ್ಬಿ ಹಾಲಿನದು,
ಬೆಳಗಿನಿಂದ ನಾಲ್ಕನೆಯದು.
'ಇದೆಲ್ಲಿ?' ಅನ್ನುತ್ತ ಸಾಲುಗಳ ಮೇಲೆ ಬೆರಳಾಡಿಸಿದಳು.

ಇರಲಿಲ್ಲ.

ಹಣ್ಣು ತಿಂದವನು ನುಣುಚಿಕೊಂಡ,
ಸಿಪ್ಪೆ ತಿಂದವನು ಸಿಕ್ಕಿಬಿದ್ದ ಅನ್ನುತ್ತಾರೆ ನಮ್ಮಲ್ಲಿ.
ನನ್ನ ಖಾತೆಯಲ್ಲಿ ಹಣ್ಣೇ ಸಿಕ್ಕಿಬಿದ್ದಿತ್ತು,
ಚಹಾ ಬಾಯೊರೆಸಿಕೊಂಡು ಹೋಗಿತ್ತು.
ತಿಂದದ್ದನ್ನು ಬರೆಯಿರಿ ಅಂದಿದ್ದರು ಡಾಕ್ಟರು,
ಕುಡಿದದ್ದನ್ನು ಅಂದಿರಲಿಲ್ಲವಲ್ಲ!
ಇಂಥ ಸಂದಿಯಲ್ಲೇ ಕಂಪನಿಗಳ ದುಡ್ಡು ಸೋರುವುದು,
ಬೇರೆಯವರಾಗಿದ್ದರೆ ನಾನೇ ಹಿಡಿಯುತ್ತಿದ್ದೆ.

ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ರಯ್ಯಾ ಹೇಳಿದಳು:
ಅವಳಜ್ಜ ಫಲಜ್ ಕಾಲುವೆಯ ನೀರಿನ ಲೆಕ್ಕದವನು.
ನೆಟ್ಟ ಕೋಲಿನ ನೆರಳು ಇಷ್ಟು ಸರಿದರೆ
ಈ ತೋಟದ ಪಾಲು ಮುಗಿಯಿತು, ಮುಂದಿನದಕ್ಕೆ ಬಿಡು.
ನೀರು ಕಡಿಮೆ ಬಿದ್ದ ದಿನ ಎಲ್ಲರೂ
ಖರ್ಜೂರದ ಮರಗಳು ಹೆಚ್ಚು ಕುಡಿದವು ಅಂದರೆ
ಅಜ್ಜ ಮಾತಾಡದೆ ಚಪ್ಪಲಿ ಕಳಚಿ
ಕಾಲುವೆಗುಂಟ ಬಿರುಕು ಹುಡುಕುತ್ತ ನಡೆಯುತ್ತಿದ್ದನಂತೆ.

ಎರಡು ತಿಂದೆ. ಅವಸರದಲ್ಲಿ ನುಂಗುವ ವಸ್ತುವಲ್ಲ ಅದು,
ನಾರಿದೆ, ಬೀಜವಿದೆ, ಹಲ್ಲಿಗೆ ಕೆಲಸವಿದೆ.
ಮೂರನೆಯದಕ್ಕೆ ಹೋದ ಕೈ ತಾನೇ ನಿಂತಿತು.
ಖರ್ಜೂರವೇನು ಸಂನ್ಯಾಸಿಯಲ್ಲ,
ಅದಕ್ಕೂ ಒಂದು ಪಾಲು, ಒಂದು ನೆರಳು ಇರಬೇಕು.
ರಾತ್ರಿ ಕೂತು ಬರೆದೆ: ಖರ್ಜೂರ ಎರಡು.
ಅದರ ಮೇಲೆ, ನಾಚಿಕೆ ಬಿಟ್ಟು: ಕರಕ್ ನಾಲ್ಕು.
ನಿನ್ನೆಯದು, ಮೊನ್ನೆಯದು, ನೆನಪಿದ್ದಷ್ಟು ದಿನದ್ದು.

ಬೆಳಿಗ್ಗೆ ಶಂಸೀರ್ ಕೇಳದೆಯೇ ಕಪ್ಪು ತುಂಬಿಸಿದ.
'ಸಕ್ಕರೆ ಬೇಡ' ಅಂದೆ.
'ಅಕ್ಕಾ, ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುವುದು,
ಹಾಕಿದ್ದನ್ನು ಹೇಗೆ ಹಿಂದೆ ತೆಗೆಯಲಿ?'
ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಕೆಮ್ಮಿದರು.
ಏಲಕ್ಕಿಯ ಘಮ.
ನನ್ನ ಚೀಲದಲ್ಲಿ ಒಂದು ಬಾಳೆಹಣ್ಣಿತ್ತು.