ಓದಲು ಮಾತ್ರ

ಉಪ್ಪಳದ ದಾಖಲೆ ಕಚೇರಿಯ ಹಿಂದಿನ ಕೋಣೆಯಲ್ಲಿ
ಎಂಟು ಡಿಸ್ಕಿನ ಕಪ್ಪು ಪೆಟ್ಟಿಗೆಯೊಂದು
ಹಗಲೂ ರಾತ್ರಿ ಹಲ್ಲು ಕಡಿಯುತ್ತದೆ.
ಮಂಗಳೂರಿನ ರೈಲು ಹೋಗುವಾಗ
ಅದರ ಹಸಿರು ದೀಪ ನಡುಗುತ್ತದೆ,
ಅಥವಾ ನಡುಗುವುದು ಮೇಜು. ಎರಡು ವರ್ಷವಾಯಿತು,
ತೀರ್ಮಾನಕ್ಕೆ ಬಂದಿಲ್ಲ.

ಯಾರಿಗೆ ಎಷ್ಟು ಎಂದು ಬರೆದಿಡುವುದು ನನ್ನ ಕೆಲಸ.
ಒಡೆಯ, ಗುಂಪು, ಉಳಿದವರು.
ಲೋಕವನ್ನು ಹೀಗೆ ಮೂರು ಪಾಲು ಮಾಡಿದವನು
ನಮ್ಮ ಕಡೆಯವನೇ ಇರಬೇಕು;
ಧಣಿ, ಒಕ್ಕಲು, ಹೊರಗಿನವ ಎಂದು
ಮೊದಲೇ ಅಭ್ಯಾಸವಿದ್ದವನು.

ಓದುವುದು ನಾಲ್ಕು, ಬರೆಯುವುದು ಎರಡು, ನಡೆಯುವುದು ಒಂದು.
ಕೂಡಿದರೆ ಏಳು.
ಮೂರು ಪಾಲಿಗೂ ಏಳೇಳು ಕೊಟ್ಟರೆ ಬಾಗಿಲಿಲ್ಲದ ಮನೆ.
ನಾನು ಬರುವ ಮೊದಲು ಹಾಗೇ ಇತ್ತು:
ಚಹಾ ತರುವ ಹುಡುಗ
ಸರ್ವೆ ನಂಬರುಗಳ ನಡುವೆ ಫುಟ್‌ಬಾಲ್ ವೀಡಿಯೊ ಇಟ್ಟಿದ್ದ.
ಯಾರೋ ಒಂದು ಇಡೀ ಗ್ರಾಮವನ್ನು ಅಳಿಸಿ
ಊಟಕ್ಕೆ ಹೋಗಿದ್ದರು.

ಈಗ ಬಿಗಿ.
ಮೇಲಿನ ಫೋಲ್ಡರಿನ ನಿಯಮ ಕೆಳಗಿನದಕ್ಕೆ ಇಳಿಯುತ್ತದೆ
ಅಜ್ಜನ ಗಂಟುಮೂಗಿನ ಹಾಗೆ, ಕೇಳದೆ.
ಒಂದು 'ಕೂಡದು' ಹತ್ತು 'ಆಗಬಹುದು'ಗಳನ್ನು ನುಂಗುತ್ತದೆ.
ಮದುವೆ ಮಾತುಕತೆಗೆ ಕೂತವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬುಧವಾರ ಬೀಫಾತುಮ್ಮ ಬಂದರು.
ಮುತ್ತಜ್ಜನ ಮೂಲಗೇಣಿ ಚೀಟು ಬೇಕು, ತೋಡಿನ ಬದಿಯ ಜಾಗದ್ದು.
ಹುಡುಕಿದೆ, ಸಿಕ್ಕಿತು, ತೆರೆಯಿತು.
ಮೋಡಿ ಅಕ್ಷರ.
ಕೈಯೆತ್ತದೆ ಬರೆದ ಸಾಲುಗಳು
ಬುಟ್ಟಿಯೊಳಗಿನ ಹಾವುಮೀನುಗಳಂತೆ ಒಂದರೊಳಗೊಂದು.
ಕೋಟ್ಟಯಂನಿಂದ ಬಂದ ಕುರಿಯನ್ ಸಾರ್
ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.
ಟೈಪಿಸ್ಟ್ ಸುಗಂಧಿ 'ಶ್ರೀ' ಎಂಬಲ್ಲಿಗೆ ನಿಂತಳು.
ಕನ್ನಡ ಶಾಲೆಯಲ್ಲೇ ಕಲಿತ ನಾನು
ಅಷ್ಟೂ ದೂರ ಹೋಗಲಿಲ್ಲ.

ಓದುವ ಅನುಮತಿ ಹನ್ನೊಂದು ಜನಕ್ಕಿದೆ.

ಓದಲು ಬರುತ್ತಿದ್ದವರು ಐತಪ್ಪ ಮಾಸ್ತರು.
ಮಾರ್ಚ್ ಮೂವತ್ತೊಂದಕ್ಕೆ ಕರಾರು ಮುಗಿಯಿತು,
ಸಂಜೆ ಐದೂ ಹತ್ತಕ್ಕೆ ಅವರ ಖಾತೆ ಅಳಿಸಿದೆ.
ನಿಯಮ ಹಾಗಿದೆ; ನಿಯಮ ಬರೆದವಳು ನಾನು.
ಅವರು ಬಿಡಿಸಿ ಬರೆದ ಕಡತಗಳಿಗೆಲ್ಲ
ಒಡೆಯನ ಹೆಸರಿನ ಜಾಗದಲ್ಲಿ ಈಗ
ಒಂದು ಗೇಣು ಉದ್ದದ ಸಂಖ್ಯೆ.
ಹೆಸರು ಹೋದ ಮೇಲೆ ಮನುಷ್ಯ
ಪೆಟ್ಟಿಗೆಗೆ ಹಾಗೆ ಕಾಣುತ್ತಾನೆ.

ಹೊಸಂಗಡಿಯ ಜೆರಾಕ್ಸ್ ಅಂಗಡಿಯಲ್ಲಿ
ಪಾಸ್‌ಪೋರ್ಟ್ ಅರ್ಜಿ ತುಂಬುತ್ತಾ ಕೂತಿದ್ದರು.
ಫೋನು ಮಾಡಿದೆ, ಬಸ್ಸು ಹತ್ತಿ ಬಂದರು.
ಒಳಗೆ ಬಿಡುವಂತಿಲ್ಲ. ಪ್ರತಿ ಕೊಡುವಂತಿಲ್ಲ.
ಸರ್ವರಿನ ಮಟ್ಟಿಗೆ ಎಲ್ಲ ನನ್ನ ಕೈಯಲ್ಲಿ,
ಆದರೂ ಆ ಹೊತ್ತಿಗೆ ಹೊಳೆದದ್ದು ಇಷ್ಟೆ:
ಪರದೆಯನ್ನು ಕಿಟಕಿಯ ಕಡೆ ತಿರುಗಿಸಿದೆ.

ಸರಳುಗಳಾಚೆ ಜಗಲಿಯಲ್ಲಿ ನಿಂತು
ಮಾಸ್ತರು ಗಟ್ಟಿಯಾಗಿ ಓದಿದರು.
ವರ್ಷಕ್ಕೆ ಎರಡು ಮುಡಿ ಅಕ್ಕಿ, ಒಂದು ಗೊನೆ ಬಾಳೆ.
ತೋಡಿನ ದಂಡೆಯ ಮೇಲೆ ನಡೆಯತಕ್ಕದ್ದು,
ಗಡಿಕಲ್ಲು ನೋಡಿಕೊಂಡಿರತಕ್ಕದ್ದು,
ಕೀಳತಕ್ಕದ್ದಲ್ಲ, ಸರಿಸತಕ್ಕದ್ದಲ್ಲ,
ಸೂರ್ಯಚಂದ್ರರಿರುವ ತನಕ.
ನೋಡಬಹುದು, ನಡೆಯಬಹುದು, ತಿದ್ದುವಂತಿಲ್ಲ.
ಮನಸ್ಸಿನಲ್ಲೇ ಕೂಡಿದೆ: ಐದು.

ಬೀಫಾತುಮ್ಮ ಇನ್ನೊಮ್ಮೆ ಓದಿ ಎಂದರು, ಗೊನೆಯ ಸಾಲನ್ನು.
ಮುತ್ತಜ್ಜ ಕೊಟ್ಟದ್ದು ಯಾವ ಬಾಳೆ, ಬರೆದಿದೆಯೇ?
ಬರೆದಿರಲಿಲ್ಲ.

ಆಮೇಲೆ ಲಾಗ್ ತೆರೆದು ನೋಡಿದೆ.
ಹನ್ನೊಂದು ನಲವತ್ತೆರಡು. ಕಡತ ಓದಲಾಗಿದೆ.
ಓದಿದವರು: ನಾನು.