ದಶಕ ಒಂದು

ಬ್ರೋಕನ್ ಹಿಲ್ಲಿನ ಬೀದಿಗಳಿಗೆ ಅದಿರಿನ ವಾಸನೆಯ ಹೆಸರು:
ಆಕ್ಸೈಡ್, ಕ್ಲೋರೈಡ್, ಕೋಬಾಲ್ಟ್.
ಬ್ಲೆಂಡ್ ಬೀದಿಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ
ಮಂಗಳವಾರ ಸಂಜೆ ದೊಡ್ಡವರಿಗೆ ನಾನು ಲೆಕ್ಕ ಹೇಳಿಕೊಡುತ್ತೇನೆ.
ಬರುವವರು ಐದು ಜನ;
ಕೆಂಪು ಧೂಳೆದ್ದ ದಿನ ಒಬ್ಬನೇ.

ಆ ಒಬ್ಬ ಕ್ಲೆಮ್ ಟ್ರೆಗೆನ್ನಾ.
ಮೂವತ್ತೊಂದು ವರ್ಷ ಗಣಿಯ ಬಾಯಲ್ಲಿ ಕೂತು
ಕೇಜು ಇಳಿಸಿದವನು, ಏರಿಸಿದವನು,
ಕೆಳಗಿನವರ ಮುಖ ಕಾಣದೆ,
ಗಂಟೆಯ ಸದ್ದಷ್ಟೇ ಕೇಳಿ.

ಅವನ ನೋಟುಪುಸ್ತಕದಲ್ಲಿ
ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು, ಎರಡ್ನಾಕ್ಲೆ ಎಂಟು,
ದಿನಕ್ಕೊಂದು ಸಾಲು. ಇವತ್ತಿನದು ಇನ್ನೂರ ಹನ್ನೆರಡನೆಯದು:
ಅರವತ್ತನಾಲ್ಕು ಅಂಕಿ, ಆರರಿಂದ ಶುರು, ಆರರಲ್ಲಿ ಕೊನೆ.
ಯಾಕೆ ಎಂದು ನಾನು ಕೇಳಲಿಲ್ಲ.
ಕೆಲವರು ಬೆಳಗ್ಗೆದ್ದು ಗುಲಾಬಿಗೆ ನೀರು ಹಾಕುತ್ತಾರೆ.

"ಸಾವಿರನೆಯ ಸಾಲಿನ ಮುಖ ಹೇಗಿರುತ್ತೆ?" ಅಂದ.
"ಡಾಕ್ಟರು ನನ್ನೆದೆಯ ಫೋಟೋ ನೋಡಿ
ಅಲ್ಲಿತನಕ ಲೆಕ್ಕ ಕೊಟ್ಟಿಲ್ಲ."

ಬಾಲ ಸುಲಭ. ಎರಡು, ನಾಲ್ಕು, ಎಂಟು, ಆರು,
ಗಾಣದೆತ್ತಿನ ಹಾಗೆ ಅದೇ ಸುತ್ತು; ಸಾವಿರಕ್ಕೂ ಆರೇ.
ತಲೆಗೆ ಮಾತ್ರ ಲಾಗರಿದಮ್ ಬೇಕು.
ಊರಿಗಾಮಿನ ಶಾಲೆಯಿಂದ ನನ್ನ ಜೊತೆ ಬಂದ
ನಾಲ್ಕಂಕಿಯ ಲಾಗ್ ಪುಸ್ತಕ,
ರಟ್ಟು ಹೋಗಿ ದಾರದಲ್ಲಷ್ಟೇ ನಿಂತಿರುವುದು,
ತೆರೆದು ಬೆರಳಿಟ್ಟೆ:
ಎರಡರದು ಬಿಂದು ಮೂರು ಸೊನ್ನೆ ಒಂದು ಸೊನ್ನೆ.
ಸಾವಿರದಿಂದ ಗುಣಿಸಿದರೆ ಮುನ್ನೂರ ಒಂದು.
ಅದು ಹೇಳುವುದು ಉದ್ದವನ್ನು, ಮುನ್ನೂರೆರಡು ಅಂಕಿ;
ಮುಖ ಇರುವುದು ಬಿಂದುವಿನ ಆಚೆ. ಆಚೆ ಬರೀ ಸೊನ್ನೆ.
"ಒಂದು, ಸೊನ್ನೆ, ಸೊನ್ನೆ," ಅಂದೆ.

ಕ್ಲೆಮ್ ತಲೆ ಅಡ್ಡಡ್ಡ ಆಡಿಸಿದ.
"ನೆಲದಿಂದ ಅಷ್ಟು ಚೊಕ್ಕಟವಾದದ್ದು ಯಾವುದೂ ಮೇಲೆ ಬರಲ್ಲ.
ಡ್ರಮ್ಮಿನ ಒಂದು ಸುತ್ತಿಗೆ ಹಗ್ಗ ಕೂದಲೆಳೆ ತಪ್ಪಿದರೆ
ಕೆಳಗೆ ಕೇಜು ಕಟ್ಟೆಗೆ ನಿಲ್ಲದೆ
ಮೊಣಕಾಲುದ್ದ ಇಳಿದಿರುತ್ತೆ.
ನಿನ್ನ ಹಗ್ಗ ಇನ್ನೊಮ್ಮೆ ಅಳೆ."

ನಾಚಿಕೆಯಾಯಿತು. ಇಪ್ಪತ್ತು ವರ್ಷ ಕಲಿಸಿದ್ದೇನೆ.
ಹೊರಗಿನ ಕಪಾಟಿನಲ್ಲಿ ಸರ್ವೇಯರುಗಳ ಕಾಲದ
ಏಳಂಕಿಯ ದಪ್ಪ ಪುಸ್ತಕ. ಊದಿದೆ, ಧೂಳು ಇಬ್ಬರಿಗೂ ಹತ್ತಿತು.
ಮೂರು ಸೊನ್ನೆ ಒಂದು ಸೊನ್ನೆಯ ಬೆನ್ನಿಗೆ
ಅಲ್ಲೊಂದು ಮೂರು ಕೂತಿತ್ತು.
ಲಕ್ಷದಲ್ಲಿ ಮೂರು ಪಾಲು, ನನ್ನ ಪುಸ್ತಕಕ್ಕೆ ಜಾಗವಿಲ್ಲದ್ದು.
ಸಾವಿರ ಸಲ ಬೆಳೆದು ಅದೇ
ಬಿಂದುವಿನಾಚೆ ಸೊನ್ನೆ ಮೂರು ಆಯಿತು.
ಆಂಟಿಲಾಗ್ ತಿರುವಿದೆ: ಒಂದು, ಸೊನ್ನೆ, ಏಳು.

ಕ್ಲೆಮ್ ಕೊನೆಯ ಪುಟಕ್ಕೆ ಹೋದ.
ಎಡತುದಿಯಲ್ಲಿ ೧೦೭.
ಬಲದ ಅಂಚಿನಲ್ಲಿ ೬.
ನಡುವೆ ಇನ್ನೂರ ತೊಂಬತ್ತೆಂಟು ಅಂಕಿಗಳ ಕತ್ತಲೆ.
ಅದನ್ನು ತುಂಬುವ ಪುಸ್ತಕ ಈ ಕಟ್ಟಡದಲ್ಲಿ ಇಲ್ಲ ಅಂದೆ.
"ಗೊತ್ತು. ಕೆಲಸ ಇರೋದೇ ಅಲ್ಲಿ,"
ಅಂದು ಕೆಮ್ಮಿದ, ಬಹಳ ಹೊತ್ತು.

ನಾನು ಕಿಟಕಿ ಹಾಕುವಷ್ಟರಲ್ಲಿ
ಪೆನ್ಸಿಲು ಚೂಪು ಮಾಡಿಕೊಂಡಿದ್ದ.
ನಾಳೆಯ ಸಾಲು, ಇವತ್ತೇ, ಬಲಗಡೆಯಿಂದ:
ಎರಡಾರ್ಲೆ ಹನ್ನೆರಡು.
ಎರಡು ಬರೆದ.
ದಶಕ ಒಂದು.