ಐನೂರಾ ಇಪ್ಪತ್ಮೂರು

ನವನಗರದ ಮೂವತ್ತೇಳನೇ ಸೆಕ್ಟರಿನಲ್ಲಿ
ಅಪ್ಪನ ಜೆರಾಕ್ಸ್ ಅಂಗಡಿ.
ರಿಸಲ್ಟು ಬಂತೆಂದರೆ ಊರಿನ ಅಂಕಪಟ್ಟಿಗಳೆಲ್ಲ
ಅವನ ಗಾಜಿನ ಮೇಲೆ ಬೋರಲು ಮಲಗುತ್ತವೆ,
ಮುಖದ ಮೇಲೆ ಹಸಿರು ಬೆಳಕು ಹರಿದುಹೋಗುತ್ತದೆ.
ಅಪ್ಪ ಓದುವುದಿಲ್ಲ. ಓದುವುದಿಲ್ಲವೆನ್ನುತ್ತಾನೆ.
ರಾತ್ರಿ ರೊಟ್ಟಿ ಮುರಿಯುವಾಗ ಮಾತ್ರ
'ಗಾಣಿಗೇರ ಮಾಸ್ತರ ಮಗಗ ಜೀವಶಾಸ್ತ್ರದಾಗ ತೊಂಬತ್ತೆಂಟಂತ'
ಎಂದು ಪುಂಡಿಪಲ್ಯಕ್ಕೆ ಹೇಳುತ್ತಾನೆ,
ನನಗಲ್ಲ.

ನನ್ನದು ಎಂಬತ್ತೊಂದು.
ಅದನ್ನೂ ಅವನೇ ತೆಗೆದ, ಆರು ಪ್ರತಿ,
ಕಪ್ಪು ತುಸು ಹೆಚ್ಚಿಗೆ ಇಟ್ಟು,
ಅಂಕಿ ದಪ್ಪ ಕಾಣಲೆಂದೋ ಏನೋ.

ಹೆಬ್ಬಾಳ, ಬೀದರ, ಹಾಸನ, ಶಿವಮೊಗ್ಗ, ಗದಗ, ಅಥಣಿ.
ದನದ ಡಾಕ್ಟರಾಗಲು ನಾನು ಹುಡುಕಿಟ್ಟ ಊರುಗಳು.
ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ
ಬರೆದು, ಅಳಿಸಿ, ಮತ್ತೆ ಬರೆದು
ಬೀದರ ಈಗ ತೂತಾಗಿದೆ.
ಹೆಸರಿನ ಮುಂದೆ, ಹೋದ ವರ್ಷ ಬಾಗಿಲು ಮುಚ್ಚಿದ ರ‍್ಯಾಂಕು.
ಅದಕ್ಕಿಂತ ನೂರಾ ಹದಿನಾಲ್ಕು ಕೆಳಗೆ ನಾನು.
ನೂರಾ ಹದಿನಾಲ್ಕು ಜನ!
ನಿದ್ದೆ ಬರದಾಗ ಒಬ್ಬೊಬ್ಬರ ಮುಖ ಊಹಿಸುತ್ತೇನೆ.
ಅವರಿಗೆ ಕೆಡುಕಾಗಲಿ ಎಂದಲ್ಲ,
ಸುಮ್ಮನೆ ಮನಸ್ಸು ಬದಲಾಗಲಿ, ಎಂಜಿನಿಯರಿಂಗ್ ಹಿಡಿಯಲಿ,
ಎಮ್ಮೆಯ ವಾಸನೆ ಆಗಿಬರದಿರಲಿ.

ತಬಸ್ಸುಮ್ ಬಾಗವಾನಳಿಗೆ ಸೀಟು ಖಾತ್ರಿ.
ಪೇಢೆ ತಂದಳು. ತಿಂದೆ.
ಸಿಹಿಯಾಗಿಯೇ ಇತ್ತು,
ಸಿಟ್ಟು ಬಂದದ್ದು ಅದಕ್ಕೇ.

'ಕಟಾಫ್ ಅಂದ್ರ ಏನ?'
ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು ಆಯಿ.
ಒಂದ್ ಗೆರಿ, ಆಯಿ. ಮ್ಯಾಲಿದ್ದವರು ಒಳಗ, ಕೆಳಗಿದ್ದವರು ಹೊರಗ.
ಅವಳ ಹೆಬ್ಬೆರಳು ಎಸಳಿನ ಮೇಲೆ ನಿಂತಿತು.
'ಐನೂರಾ ಇಪ್ಪತ್ಮೂರು' ಎಂದಳು.

ಹಳೇ ಬಾಗಲಕೋಟೆಯ ನಮ್ಮ ಗೋಡೆಗೆ
ಯಾರೋ ಕೆಂಪಗೆ ಬರೆದು ಹೋದ ಮೀಟರು.
ಅದರ ಕೆಳಗಿನದು ಹಿನ್ನೀರಿನ ಪಾಲು.
ನಮ್ಮ ಹಿತ್ತಲು ಕೆಳಗಿತ್ತು, ದೇವರಕೋಣೆ ಒಂದು ಗೇಣು ಮೇಲೆ.
ಅಳೆಯುವವನು ಒಂದು ಕಣ್ಣು ಮುಚ್ಚಿ
ಕೊಳವೆಯಲ್ಲಿ ನೋಡಿ, ಎಲ್ಲಾ ಕೆಳಗ ಎಂದು ಬರೆದುಕೊಂಡ.
'ಒಂದ್ ಮಾತ ಕೇಳಲಿಲ್ಲ ನೋಡವಾ,
ಈ ಮನ್ಯಾಗ ಎಂಥಾ ಮಂದಿ ಅದಾರ ಅಂತ.'

ಎಮ್ಮೆ ಮಾತ್ರ ಒಪ್ಪಲಿಲ್ಲವಂತೆ.
ಸೆಕ್ಟರಿನ ಹೊಸ ಹಗ್ಗ ಹರಿದುಕೊಂಡು
ಸಂಜೆ ಸಂಜೆ ಅಷ್ಟು ದೂರ ನಡೆದು
ಕದ ಕಿತ್ತ ಬಾಗಿಲಲ್ಲಿ ಹೋಗಿ ನಿಲ್ಲುತ್ತಿತ್ತು,
ಮೊಣಕಾಲಿಗೆ ನೀರು ಬಂದ ಮೇಲೂ.
ಗೊರಸು ಕೊಳೆಯಿತು. ಹಾಲು ಬತ್ತಿತು.
ದನದ ದವಾಖಾನೆಯೂ ಆ ವಾರವೇ ಗಂಟುಮೂಟೆ ಕಟ್ಟಿತ್ತು.
ಆಯಿ ಅದರ ಹೆಸರು ಹೇಳುವುದಿಲ್ಲ,
'ಆಕಿ' ಎನ್ನುತ್ತಾಳೆ.

ಇದನ್ನೆಲ್ಲ ತುಂಬಲು ಅರ್ಜಿಯಲ್ಲಿ ಚೌಕವಿಲ್ಲ.
ಪೂರ್ಣ ಹೆಸರು: ನೀಲಾಂಬಿಕಾ ಈರಪ್ಪ ಮುಚಖಂಡಿ.
ಶಾಶ್ವತ ವಿಳಾಸ ಎಂಬಲ್ಲಿ
ಕರ್ಸರ್ ಮಿಣುಕುತ್ತ ನಿಂತಿತು.
ಅಪ್ಪ ಟ್ರೇಗೆ ಹಾಳೆ ತುಂಬುತ್ತ ಅಂದ:
'ಸದ್ಯದ್ದ ಹಾಕು. ಎರಡೂ ಒಂದ ಅಂತ
ಟಿಕ್ ಮಾಡಾಕ ಬರ್ತೈತಿ.'
ಟಿಕ್ ಮಾಡಿದೆ.

'ಮೊದಲ ಯಾವುದು ಹಾಕ್ದಿ?'
ಬೀದರ.
'ದೂರ ಆತಲ್ಲೋ' ಎಂದು ಸುಮ್ಮನಾದ.
'ಆಕಿ ನಡದಷ್ಟೇನ್ ದೂರ ಬಿಡು'
ಒಳಗಿನಿಂದ ಆಯಿ.
ಅಪ್ಪ ನಗಲಿಲ್ಲ. ಮಷೀನು ಆರಿಸಿದ.
ಗಾಜು ಬಹಳ ಹೊತ್ತು ಬೆಚ್ಚಗಿತ್ತು.

ಈಗ ರಾತ್ರಿ ಎರಡು.
ಮುಂದಿನವರನ್ನು ಎಣಿಸಿ ಎಣಿಸಿ ಸಾಕಾಗಿ
ಹೊರಳಿದಾಗ ಹೊಳೆಯಿತು:
ನನ್ನ ಹಿಂದಿನ ರ‍್ಯಾಂಕಿನವನೂ ಎಲ್ಲೋ ಎದ್ದು ಕೂತಿರಬಹುದು,
ನನಗೊಂದು ಮುಖ ಕೊಟ್ಟು
ಇವಳಿಗೆ ಎಮ್ಮೆಯ ವಾಸನೆ ಆಗಿಬರದಿರಲಿ ಎನ್ನುತ್ತ.

ಆಗಿಬರ್ತೈತೋ ತಮ್ಮಾ.
ಮಲಕೋ.